ಬಲಗಡೆಯ ಕೊನೆಯ ಸಾಲು

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಯುದ್ಧ ಸ್ಮಾರಕ ಕಟ್ಟಬೇಕು ಎಂಬ ಯೋಚನೆ ಹುಟ್ಟಿದ್ದು ಮೇಜರರ ತಲೆಯಲ್ಲಿ. ಅವರು ನಿಜಕ್ಕೂ ಮೇಜರ್ ಆಗಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸೈನ್ಯದಲ್ಲಿ ಇದ್ದಷ್ಟು ಕಾಲ ಉಗ್ರಾಣದಲ್ಲಿ ಕೂತು ಬೂಟು, ಕಂಬಳಿ ಹಂಚುತ್ತಿದ್ದರು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ನಿವೃತ್ತರಾದ ಮೇಲೆ ಪಾರ್ಕೇ ಅವರ ರಣರಂಗವಾಯಿತು. ಬೆಳಗ್ಗೆ ವಾಕಿಂಗ್‌ಗೆ ಬರುವ ಮುದುಕರನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದು ಸಮಿತಿ ಮಾಡಿದರು, ತಾವೇ ಅಧ್ಯಕ್ಷರಾದರು, ಮಕ್ಕಳ ಜಾರುಬಂಡೆ ಕೀಳಿಸಿ ಆ ಜಾಗದಲ್ಲಿ ಆಳೆತ್ತರದ ಕಪ್ಪು ಕಲ್ಲು ನಿಲ್ಲಿಸಿದರು. ಮಕ್ಕಳು ಇನ್ನು ಎಲ್ಲಿ ಆಡಬೇಕು ಸಾರ್ ಎಂದು ನಾನು ಕೇಳಿದ್ದಕ್ಕೆ, "ಮೊದಲು ದೇಶ, ಆಮೇಲೆ ಆಟ" ಅಂದರು. ನಾನು ಬಸ್ ಕಂಡಕ್ಟರ್. ಬಸ್ಸಿನಲ್ಲಿ ಯಾರಾದರೂ ನನಗೆ ಹೀಗೆ ಉತ್ತರ ಕೊಟ್ಟಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡುತ್ತಿದ್ದೆ. ಪಾರ್ಕಿನಲ್ಲಿ ಆ ಅಧಿಕಾರ ನನಗಿರಲಿಲ್ಲ.

ಕಲ್ಲಿನ ಮೇಲೆ ಬಡಾವಣೆಯಿಂದ ಯುದ್ಧಕ್ಕೆ ಹೋಗಿ ಸತ್ತವರ ಹೆಸರು ಕೆತ್ತಿಸುವುದೆಂದು ತೀರ್ಮಾನವಾಯಿತು. ಪಟ್ಟಿಯಲ್ಲಿ ಎಲ್ಲರ ಹೆಸರೂ ಬಂತು. ನಮ್ಮ ಅಣ್ಣನದು ಬರಲಿಲ್ಲ.

ಅಣ್ಣ ಸತ್ತದ್ದು ಯುದ್ಧದಲ್ಲೇ. ಅದನ್ನು ಸೈನ್ಯವೇ ಒಪ್ಪಿಕೊಂಡಿದೆ. ಅವನ ಟ್ರಂಕು, ಕೈಗಡಿಯಾರ, ಒಂದು ಜೊತೆ ಬೂಟು ಮನೆಗೆ ಬಂದಿವೆ. ಆದರೆ ಸಾಯುವ ಮೊದಲು ಅವನು ಒಂದು ಸಲ ಓಡಿಬಂದಿದ್ದ. ರಜೆಯಿಲ್ಲ, ಅಪ್ಪಣೆಯಿಲ್ಲ, ಚಳಿಯಲ್ಲಿ ಹರಿದ ಬೂಟಿಗೆ ಚಿಂದಿ ಸುತ್ತಿಕೊಂಡು ಒಂದು ಮಧ್ಯಾಹ್ನ ಬಾಗಿಲಿಗೆ ಬಂದು ನಿಂತಿದ್ದ. ಏನಾಯ್ತೋ ಎಂದು ಅಮ್ಮ ಕೇಳಿದರೆ, "ಅಲ್ಲಿ ನಿದ್ದೆ ಮಾಡೋಕಾಗಲ್ಲಮ್ಮ" ಎಂದಷ್ಟೇ ಹೇಳಿದ. ನಮ್ಮ ಮನೆಯನ್ನು ಮೊದಲು ಹುಡುಕುತ್ತಾರೆಂದು ಪಕ್ಕದ ಮನೆಯ ಟೈಲರಮ್ಮ ಅವನನ್ನು ತನ್ನ ಹೊಲಿಗೆ ಕೋಣೆಯಲ್ಲಿ, ಬಟ್ಟೆ ಥಾನುಗಳ ಹಿಂದೆ ಇಟ್ಟುಕೊಂಡಳು. ತನ್ನ ಊಟದಲ್ಲಿ ಪಾಲು ಕೊಟ್ಟಳು. ಗಿರಾಕಿಗಳು ಬಂದಾಗ ಅವನ ಕೆಮ್ಮು ಕೇಳಿಸದಿರಲಿ ಎಂದು ಬಟ್ಟೆ ಇಲ್ಲದೆಯೂ ಮೆಷಿನ್ ತುಳಿಯುತ್ತಿದ್ದಳು. ಕಡೆಗೆ ಯಾರು ಬಾಯಿಬಿಟ್ಟರೋ, ಮಿಲಿಟರಿ ಪೊಲೀಸರು ಬಂದು ಅವನದೇ ಬೂಟಿನ ಲೇಸಿನಿಂದ ಅವನ ಕೈ ಕಟ್ಟಿ ಬೀದಿಯುದ್ದಕ್ಕೂ ನಡೆಸಿಕೊಂಡು ಹೋದರು. ಬೀದಿಯವರೆಲ್ಲ ಕಿಟಕಿಗೆ ಮುಖ ಅಂಟಿಸಿಕೊಂಡು ನೋಡಿದರು. ಅವನನ್ನು ಮತ್ತೆ ಅದೇ ಜಾಗಕ್ಕೆ ಕಳಿಸಿದರು, ಅಲ್ಲೇ ಶೆಲ್ ಬಿದ್ದು ಸತ್ತ. ಜನ ಈ ಎರಡನೆಯದನ್ನು ಮರೆತು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡರು. ಬೀದಿಯಲ್ಲಿ ಅವನಿಗೆ 'ಓಟಗಾರ' ಎಂದು ಹೆಸರಾಯಿತು.

ಅಮ್ಮ ಮೇಜರರ ಮನೆಗೆ ಹೋದಳು. ನಾನೂ ಜೊತೆಗಿದ್ದೆ. ಒಳಗೆ ಕರೆಯಲಿಲ್ಲ, ಗೇಟಿನಲ್ಲೇ ಮಾತಾಡಿದರು.

"ಅವನೂ ಅಲ್ಲೇ ಸತ್ತಿದ್ದು ಸಾರ್" ಎಂದಳು ಅಮ್ಮ.

"ಸತ್ತಿದ್ದು ಹೌದಮ್ಮ, ಇಲ್ಲ ಅಂತ ಯಾರು ಅಂದ್ರು? ಆದ್ರೆ ಮಿಕ್ಕವರು ತಾವಾಗಿ ಹೋಗಿ ಸತ್ತಿದ್ದಾರೆ. ನಿಮ್ಮವನನ್ನ ಎಳ್ಕೊಂಡು ಹೋಗಿ ಸಾಯಿಸ್ಬೇಕಾಯ್ತು. ಎರಡಕ್ಕೂ ವ್ಯತ್ಯಾಸ ಇದೆ."

ಅಮ್ಮ ಅವರ ಕಾಲು ಹಿಡಿಯಲು ಬಗ್ಗಿದಳು. ನಡುವೆ ಗೇಟು ಇದ್ದುದರಿಂದ ಕಬ್ಬಿಣದ ಸರಳು ಹಿಡಿದುಕೊಂಡು ಅಲ್ಲೇ ಕೂತಳು. ಮೇಜರರು ಅವಳ ತಲೆಯ ಮೇಲಿಂದ ನನ್ನ ಕಡೆ ನೋಡಿ, "ಕರ್ಕೊಂಡು ಹೋಗಮ್ಮ, ಬಿಸಿಲು" ಎಂದು ಬಾಗಿಲು ಹಾಕಿಕೊಂಡರು.

ಆಮೇಲೆ ಅಮ್ಮ ಆ ಮಾತೆತ್ತಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ಕೆಲಸ. ಎಂದಿನಂತೆ ಹೋಗುವಳು, ಬರುವಳು. ಆದರೆ ದಾರಿ ಬದಲಾಯಿಸಿದಳು. ಹತ್ತಿರದ ದಾರಿ ಬಿಟ್ಟು ಪಾರ್ಕನ್ನು ಬಳಸಿಕೊಂಡು ಬಂದು, ಬೇಲಿಯಾಚೆ ನಿಂತು ಕಲ್ಲುಕುಟಿಗ ಹೆಸರು ಕೆತ್ತುವುದನ್ನು ನೋಡುವಳು. ಮನೆಗೆ ಬಂದು, "ಇವತ್ತು ಕ್ಷೌರಿಕನ ತಮ್ಮನ ಹೆಸರು ಆಯ್ತು" ಎನ್ನುವಳು. ಇನ್ನೊಬ್ಬರ ಮದುವೆಯ ಸುದ್ದಿ ಹೇಳುವ ಧ್ವನಿ ಅದು. ಒಂದು ಕಲ್ಲಿಗೋಸ್ಕರ ಇಷ್ಟು ಯಾಕೆ ಸಾಯ್ತೀಯ ಎಂದು ಒಂದು ದಿನ ಕೂಗಾಡಿದೆ. ಅಮ್ಮ ತಟ್ಟೆ ತೊಳೆಯುತ್ತಿದ್ದವಳು ತಿರುಗಿ ನೋಡದೆ ಹೇಳಿದಳು: "ಅವನ ಕೈ ಕಟ್ಟಿ ಕರ್ಕೊಂಡು ಹೋಗೋದನ್ನ ಎಲ್ಲಾರೂ ನೋಡಿದ್ರಲ್ಲ. ಇದನ್ನೂ ಎಲ್ಲಾರೂ ನೋಡ್ಲಿ ಅಂತ." ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕೆತ್ತನೆ ಮುಗಿಯುವ ಹೊತ್ತಿಗೆ ಸಮಿತಿಗೆ ಒಂದು ತಾಪತ್ರಯ ಎದುರಾಯಿತು. ಹೆಸರುಗಳನ್ನು ಎಡಗಡೆ ಒಂದು ಕಾಲಂ, ಬಲಗಡೆ ಒಂದು ಕಾಲಂ ಎಂದು ಕೆತ್ತಿಸಿದ್ದರು. ಎಡಗಡೆ ಕೆಳಗಿನವರೆಗೂ ತುಂಬಿತು. ಬಲಗಡೆ ಕೊನೆಯಲ್ಲಿ ಒಂದು ಹೆಸರಿನ ಜಾಗ ಖಾಲಿ ಉಳಿಯಿತು. ಮೊದಲೇ ಲೆಕ್ಕ ಹಾಕಿ ಕೊನೆಯ ಹೆಸರನ್ನು ನಡುವೆ ಕೆತ್ತಿಸಿದ್ದರೆ ಆಗುತ್ತಿತ್ತು. ಆ ಬುದ್ಧಿ ಕಲ್ಲುಕುಟಿಗನಿಗೆ ಇತ್ತೋ ಏನೋ, ಆದರೆ ಮೇಜರರು ಅವನನ್ನು ಬಾಯಿ ಬಿಡಲು ಬಿಟ್ಟಿರಲಿಲ್ಲ.

"ಹಲ್ಲು ಬಿದ್ದ ಬಾಯಿ ಥರ ಕಾಣತ್ತೆ" ಎಂದರು ಸಮಿತಿಯ ದಂತವೈದ್ಯರು. ಅವರಿಗೆ ಬೇರೆ ಹೋಲಿಕೆ ಬರುವುದಿಲ್ಲ.

ಒಬ್ಬರು ಹೂವು ಕೆತ್ತಿಸಿ ಅಂದರು. ಇದೇನು ಹೆಂಗಸರ ಕರವಸ್ತ್ರವೇ ಎಂದರು ಮೇಜರರು. ಬಂದೂಕು ಕೆತ್ತಿಸೋಣ ಅಂದಾಗ ಕಲ್ಲುಕುಟಿಗನೇ, ಅಷ್ಟು ಸಣ್ಣ ಜಾಗದಲ್ಲಿ ಬಂದೂಕು ಕೆತ್ತಿದರೆ ನಲ್ಲಿಯ ಹಾಗೆ ಕಾಣುತ್ತದೆ ಎಂದ. ಆಗ ಯಾರೋ, ಇಸ್ಪೀಟಿಗೆ ಒಂದು ಕೈ ಕಡಿಮೆ ಬಿದ್ದಾಗ ಕೇಳುವ ಹಾಗೆ, "ಇನ್ನೊಬ್ಬರು ಯಾರಾದ್ರೂ ಸಿಗ್ತಾರಾ ನೋಡಿ" ಎಂದರಂತೆ.

ಮೇಜರರು ನಮ್ಮ ಮನೆಗೆ ತಾವಾಗಿ ನಡೆದುಕೊಂಡು ಬಂದದ್ದು ಆ ದಿನ ಸಂಜೆ. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತರು.

"ಸಮಿತಿ ದೊಡ್ಡ ಮನಸ್ಸು ಮಾಡಿದೆಯಮ್ಮ. ಎಷ್ಟೇ ಆದ್ರೂ ನಮ್ಮ ಹುಡುಗ ಅಲ್ವಾ? ಹಳೇದನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡು ಹೆಸರು ಸೇರಿಸೋಣ ಅಂತ ಆಯ್ತು. ಕೊನೇಲಿ."

ಅಮ್ಮ ಅಳುತ್ತಲೇ ಒಳಗೆ ಹೋಗಿ, ಬಿರುಕಿಲ್ಲದ ಲೋಟ ಹುಡುಕಿ ಚಹಾ ತಂದುಕೊಟ್ಟಳು. ಅವರು ಹೋದ ಮೇಲೆ ನಾನು ತಡೆಯಲಾರದೆ ಹೇಳಿದೆ:

"ಖಾಲಿ ಜಾಗ ಮುಚ್ಚೋಕೆ ಅಣ್ಣ ಬೇಕಾಯ್ತು ಅವರಿಗೆ. ಸೀಟು ಖಾಲಿ ಇದೆ ಅಂತ ಹತ್ತಿಸ್ಕೊಳ್ತಿದ್ದಾರೆ, ಅಷ್ಟೇ."

"ಹತ್ತಿಸ್ಕೊಂಡ್ರಲ್ಲ, ಸುಮ್ನಿರು. ಹತ್ತಿದ ಮೇಲೆ ಎಲ್ಲಾರೂ ಒಂದೇ ಅಂತ ನೀನೇ ಹೇಳ್ತಿರ್ತೀಯಲ್ಲ" ಎಂದಳು ಅಮ್ಮ. ಎಷ್ಟೋ ಕಾಲದ ಮೇಲೆ ಅವಳು ನನ್ನನ್ನು ರೇಗಿಸಿದ್ದು ಅದು. ಆ ಸಂತೋಷಕ್ಕೆ ಕಲ್ಲು ಹಾಕಲು ನನಗೂ ಮನಸ್ಸು ಬರಲಿಲ್ಲ.

ಸಂತೋಷ ಬಹಳ ಕಾಲ ಇರಲಿಲ್ಲ. ಯುದ್ಧ ಇನ್ನೂ ಮುಗಿದಿರಲಿಲ್ಲ, ಆ ವಾರವೇ ಸೈನ್ಯದಲ್ಲಿದ್ದ ಟೈಲರಮ್ಮನ ಮಗ ಗುಂಡ ಗಡಿಯಲ್ಲಿ ಗಾಯಗೊಂಡು ಬಂದ. ಚಿಕ್ಕಂದಿನಲ್ಲಿ ಉರುಟುರುಟಾಗಿದ್ದ ಅಂತ ಬೀದಿಯವರು ಇಟ್ಟ ಹೆಸರು ಅದು. ಈಗ ಸ್ಟ್ರೆಚರಿನ ಮೇಲೆ ಅರ್ಧವೇ ಉಳಿದಿದ್ದ. ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ, ತಲೆಗೆ ಬ್ಯಾಂಡೇಜು, ಪ್ರಜ್ಞೆಯಿಲ್ಲ. ಸೈನ್ಯದ ಆಸ್ಪತ್ರೆ ತುಂಬಿ ತುಳುಕುತ್ತಿದ್ದುದರಿಂದ ಅಮ್ಮ ಕೆಲಸ ಮಾಡುವ ಆಸ್ಪತ್ರೆಗೇ ಅವನನ್ನು ತಂದು ಹಾಕಿದರು.

ಮೇಜರರು ಮಾರನೆಯ ದಿನವೇ ಕಾಣಿಸಿಕೊಂಡರು, ಮೊದಲು ನಮ್ಮ ಮನೆಗೆ. "ಕಲ್ಲುಕುಟಿಗನಿಗೆ ಸ್ವಲ್ಪ ತಡಿ ಅಂದಿದ್ದೀನಮ್ಮ. ನಿಮಗೂ ಅರ್ಥ ಆಗತ್ತೆ. ಇರೋದು ಒಂದೇ ಜಾಗ. ಗುಂಡನಿಗೇನಾದ್ರೂ ಹೆಚ್ಚುಕಮ್ಮಿ ಆದ್ರೆ, ಮೊದಲ ಹಕ್ಕು ಅವನದು ತಾನೆ? ಉದ್ಘಾಟನೆಗೆ ಇನ್ನೂ ದಿನ ಇದೆ, ಡಾಕ್ಟರು ಏನಂತಾರೆ ನೋಡೋಣ."

ಅಲ್ಲಿಂದ ಪಕ್ಕದ ಮನೆಗೆ ಹೋದರು. ನಾನು ಬೇಕೆಂದೇ ಹಿಂದೆ ಹೋದೆ. ಟೈಲರಮ್ಮ ಯಾರದೋ ಕೋಟಿಗೆ ಗುರುತು ಹಾಕುತ್ತಿದ್ದಳು, ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಮಗ ಆಸ್ಪತ್ರೆಯಲ್ಲಿದ್ದಾಗಲೂ ಕೆಲಸ ಬಿಟ್ಟರೆ ಅವಳಿಗೆ ನಡೆಯುತ್ತಿರಲಿಲ್ಲ. ಮೇಜರರು ಕೈ ಮುಗಿದು, "ಧೈರ್ಯವಾಗಿರಿ. ಹಾಗೇನಾದ್ರೂ ಆದ್ರೆ ಜಾಗದ ಚಿಂತೆ ಮಾಡ್ಬೇಡಿ, ಕಲ್ಲಲ್ಲಿ ಒಂದು ಸಾಲು ತೆಗೆದಿಟ್ಟಿದ್ದೀವಿ" ಎಂದರು.

ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದಳು. "ನನ್ನ ಮಗ ಇನ್ನೂ ಉಸಿರಾಡ್ತಿದ್ದಾನೆ ಸಾರ್."

"ಅದೇ ನಾನೂ ಹೇಳ್ತಿರೋದು. ಹೇಗಾದ್ರೂ ಸರಿ, ತೊಂದ್ರೆ ಇಲ್ಲ."

ಅವರು ಹೋದ ಮೇಲೆ ಟೈಲರಮ್ಮ ನಮ್ಮ ಮನೆಗೆ ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡಳು. "ಅಕ್ಕ, ನಂಗೆ ಕಲ್ಲು ಬೇಡ. ನನ್ನ ಗುಂಡ ಬದುಕ್ಲಿ, ಆ ಜಾಗ ನಿನ್ನ ಮಗನಿಗೇ ಇರ್ಲಿ. ಇಬ್ಬರೂ ಒಂದೇ ಬೇಡ್ಕೊಳ್ಳೋಣ."

ಇಬ್ಬರೂ ಒಂದೇ ಬೇಡಿಕೊಂಡರು. ಟೈಲರಮ್ಮ ಹಗಲು ಹೊಲಿದು ಸಂಜೆ ಮಗನ ಹತ್ತಿರ ಕೂರುವಳು. ಅಮ್ಮ ಪಾಳಿ ಮುಗಿದ ಕೂಡಲೇ ಲಾಂಡ್ರಿಯಿಂದ ಮೇಲಿನ ವಾರ್ಡಿಗೆ ಹತ್ತಿ ಹೋಗುವಳು. ಗುಂಡನ ಮುಖ ಒರೆಸುವಳು, ಉಗುರು ಕತ್ತರಿಸುವಳು, ಒಡೆದ ತುಟಿಗೆ ಎಣ್ಣೆ ಸವರುವಳು. ಹಡೆದವಳಿಗಿಂತ ಹೆಚ್ಚು ನೋಡ್ಕೊಳ್ತಾಳೆ ಎಂದು ಬೀದಿಯಲ್ಲಿ ಹೊಗಳಿದ್ದೇ ಹೊಗಳಿದ್ದು. ನಾನು ಒಂದು ದಿನ ಡ್ಯೂಟಿ ಮುಗಿಸಿ ನೋಡಲು ಹೋದಾಗ ಅಮ್ಮ ನರ್ಸಿನ ಹತ್ತಿರ ಮಾತಾಡುತ್ತಿದ್ದಳು. ಅವನು ಹುಷಾರಾಗ್ತಾನಾ ಎಂದು ಅವಳು ಕೇಳಲಿಲ್ಲ. "ಉದ್ಘಾಟನೆವರೆಗೂ ತಡೀತಾನಾ?" ಎಂದು ಕೇಳಿದಳು. ಯಾವ ಉದ್ಘಾಟನೆಯೋ ನರ್ಸಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನಾನು ಒಳಗೆ ಕಾಲಿಡದೆ ಮೆಟ್ಟಿಲಿಳಿದು ಬಂದೆ. ಮನೆಗೆ ಬಂದ ಅಮ್ಮನ ಮುಖ ನೋಡಲು ನನಗೆ ಆ ದಿನ ಆಗಲಿಲ್ಲ.

ಒಂದು ಮಧ್ಯಾಹ್ನ ಗುಂಡ ಕಣ್ಣು ಬಿಟ್ಟ. ಅಮ್ಮ ಹತ್ತಿರವಿದ್ದಳು. ಅವಳ ಬೆರಳು ಹಿಡಿದು ಒಮ್ಮೆ ಅದುಮಿದನಂತೆ. ಅಮ್ಮ ಕೆಲಸದ ಬಟ್ಟೆಯಲ್ಲೇ, ಒದ್ದೆ ಚಪ್ಪಲಿಯಲ್ಲೇ ಓಡಿದಳು. ಓಡಿದ್ದು ಟೈಲರಮ್ಮನ ಹತ್ತಿರಕ್ಕಲ್ಲ, ಮೇಜರರ ಮನೆಗೆ. ಟೈಲರಮ್ಮನಿಗೆ ಹೇಳಿದ್ದು ಅಲ್ಲಿಂದ ಬರುವಾಗ. ಪಾಪದವಳು, ಸುದ್ದಿ ಕೇಳಿದ ಸಂತೋಷಕ್ಕೆ ಹೊಲಿಯುತ್ತಿದ್ದ ತೋಳನ್ನು ತಿರುಗುಮುರುಗಾಗಿ ಹೊಲಿದುಬಿಟ್ಟಳು.

ಮೇಜರರು ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿ, ಕಲ್ಲುಕುಟಿಗನಿಗೆ ಅಪ್ಪಣೆ ಕೊಟ್ಟರು. ಆದರೂ ಅವರು ಉಗ್ರಾಣದ ಮನುಷ್ಯ, ಕೈಯಲ್ಲಿ ಹೆಚ್ಚುವರಿ ಸಾಮಾನಿಲ್ಲದೆ ನಿದ್ದೆ ಬರುವುದಿಲ್ಲ. ಗುಂಡನ ಹೆಸರು ಬರೆಸಿದ ಒಂದು ಹಿತ್ತಾಳೆ ತಗಡನ್ನೂ ಮಾಡಿಸಿಟ್ಟರು. ಅಣ್ಣನ ಸಾಲಿನ ಮೇಲೆ ಸರಿಯಾಗಿ ಕೂರುವ ಅಳತೆ. "ಉದ್ಘಾಟನೆ ದಿನ ಪರದೆ ಬೀಳೋವರೆಗೂ ಕಲ್ಲು ಸಮಿತಿದು" ಎಂದು ಅಮ್ಮನಿಗೆ ತಿಳಿಸಿ ಹೇಳಿದರು. "ಅಷ್ಟರೊಳಗೆ ಏನಾದ್ರೂ ಆದ್ರೆ ತಗಡು ಹೊಡೆಸ್ತೀವಿ. ಪರದೆ ಬಿದ್ದು, ಹೆಸರು ಓದಿ ಆದ ಮೇಲೆ ಮಾತ್ರ ಅದು ಜನರದು. ಆಮೇಲೆ ನಾನೂ ಮುಟ್ಟೋ ಹಾಗಿಲ್ಲ." ತಮ್ಮದೇ ಈ ಕಾಯಿದೆ ಅವರಿಗೆ ಬಹಳ ಹಿಡಿಸಿತ್ತು. ಇಬ್ಬರು ಮೂವರಿಗೆ ಹೇಳಿಕೊಂಡು ತಿರುಗಿದರು.

ಅಣ್ಣನ ಹೆಸರು ಕೆತ್ತಿದ ದಿನ ಅಮ್ಮ ರಜೆ ಹಾಕಿ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಳು. ಒಂದೊಂದು ಅಕ್ಷರ ಮುಗಿದಾಗಲೂ ಕಲ್ಲುಕುಟಿಗ ಸರಿದು ನಿಂತು ಅವಳಿಗೆ ತೋರಿಸುವನು. ಕೊನೆಯ ಅಕ್ಷರ ಮುಗಿದ ಮೇಲೆ ಅಮ್ಮ ಎದ್ದುಹೋಗಿ ಬಾಯಿಂದ ಊದಿ ಪುಡಿ ಹಾರಿಸಿದಳು. ಅಣ್ಣ ಚಿಕ್ಕವನಿದ್ದಾಗ ಬಿದ್ದು ಗಾಯ ಮಾಡಿಕೊಂಡು ಬಂದರೆ ಹಾಗೆಯೇ ಊದುತ್ತಿದ್ದಳು. ಸಂಜೆಗೆ ಸಮಿತಿಯವರು ಕಲ್ಲಿಗೆ ಬಿಳಿ ಪರದೆ ಹೊದಿಸಿದರು.

ಪರದೆಯ ಹಗ್ಗ ಎಳೆಯಲು ಮೇಜರರು ಆರಿಸಿದ್ದು ಟೈಲರಮ್ಮನನ್ನು. ಗಾಯಾಳು ಯೋಧನ ತಾಯಿ, ಅದೇ ಬೀದಿಯವಳು, ನೋಡಲು ಲಕ್ಷಣವಾಗಿದ್ದಾಳೆ ಎಂಬುದು ಅವರ ವಾದ. ಅವಳು ಒಲ್ಲೆ ಎಂದಳು. ಅಮ್ಮನೇ ಒತ್ತಾಯ ಮಾಡಿ ಒಪ್ಪಿಸಿದಳು. "ನನ್ನ ಮಗನ ಹೆಸರಿನ ಮೇಲಿಂದ ಪರದೆ ಎಳೆಯೋದು ನೀನೇ ಆಗ್ಬೇಕು. ನೀನೇ ತಾನೆ ಅವನನ್ನ ಬಚ್ಚಿಟ್ಟಿದ್ದೋಳು?" ಎಂದಳು. ಆ ಮಾತು ಆಡಿದಾಗ ಅಮ್ಮ ಮನಸಾರೆ ಆಡಿದ್ದಳು. ಅದರಲ್ಲಿ ಕಪಟ ಇರಲಿಲ್ಲ, ನಾನು ಆಣೆ ಮಾಡಿ ಹೇಳುತ್ತೇನೆ.

ಉದ್ಘಾಟನೆಯ ದಿನ ಬೆಳಗ್ಗೆ ಅಮ್ಮ ಲಾಂಡ್ರಿಗೆ ಹೋಗಿ, ಅರ್ಧ ಪಾಳಿ ಮಾಡಿ, ಅಲ್ಲಿಂದಲೇ ಪಾರ್ಕಿಗೆ ಬರುವುದೆಂದಾಗಿತ್ತು. ಅಲ್ಲಿ ನಡೆದದ್ದು ನನಗೆ ಆಮೇಲೆ ಅವಳ ಜೊತೆ ಕೆಲಸ ಮಾಡುವ ದಪ್ಪಕ್ಕನಿಂದಲೂ ವಾರ್ಡಿನ ನರ್ಸಿನಿಂದಲೂ ತಿಳಿಯಿತು. ನಡೆದ ಕ್ರಮದಲ್ಲೇ ಹೇಳುತ್ತೇನೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಪದ್ಧತಿ ಇದೆ. ವಾರ್ಡುಗಳ ಹಾಸಿಗೆ ಬಟ್ಟೆಯೆಲ್ಲ ಚೀಲದಲ್ಲಿ ಒಟ್ಟಿಗೆ ಕೆಳಗೆ ಬರುತ್ತದೆ. ಸತ್ತವರ ಹಾಸಿಗೆಯ ಬಟ್ಟೆ ಮಾತ್ರ ಬೇರೆ ಬರುತ್ತದೆ. ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ಅವರ ಹಾಸುಬಟ್ಟೆಯಲ್ಲೇ ಗಂಟು ಕಟ್ಟಿ, ಆ ಮಂಚದ ನಂಬರಿರುವ ತಗಡಿನ ಬಿಲ್ಲೆಯನ್ನು ಗಂಟಿಗೆ ಸಿಕ್ಕಿಸಿ ಕಳಿಸುತ್ತಾರೆ. ಅದನ್ನು ಬೇರೆಯಾಗಿ ಕುದಿಸಬೇಕು. ಲಾಂಡ್ರಿಯ ಹೆಂಗಸರು ಯಾರು ಸತ್ತರು ಎನ್ನುವುದಿಲ್ಲ, "ಇವತ್ತು ಗಂಟು ಬಂತಾ?" ಎನ್ನುತ್ತಾರೆ. ಆ ಬೆಳಗ್ಗೆ ಒಂದು ಗಂಟು ಬಂತು. ದಪ್ಪಕ್ಕ ಬಿಲ್ಲೆ ಬಿಡಿಸಿ ಮೊಳೆಗೆ ತೂಗುಹಾಕಿದಳು. ಅಮ್ಮ ನೋಡಿದಳು. ಅದು ಗುಂಡನ ಮಂಚದ್ದು.

ಅಮ್ಮ ಮೆಟ್ಟಿಲು ಹತ್ತಿ ವಾರ್ಡಿಗೆ ಹೋದಳು. ಮಂಚ ಖಾಲಿಯಾಗಿತ್ತು, ನೆಲ ಒರೆಸುತ್ತಿದ್ದರು. ಬೆಳಗಿನ ಜಾವ ಜ್ವರ ಏರಿತು, ಉಸಿರು ನಿಂತುಹೋಯಿತು ಎಂದಳು ನರ್ಸು. "ಅವನ ತಾಯಿಗೆ ಫೋನ್ ಮಾಡ್ತಾನೇ ಇದ್ದೀವಿ, ಮೊದಲು ಎತ್ತಲಿಲ್ಲ, ಈಗ ಆಫ್ ಬರ್ತಿದೆ. ನೀವು ಪಕ್ಕದ ಮನೆಯವರಲ್ವಾ? ಬೇಗ ಹೋಗಿ ಕರ್ಕೊಂಡು ಬನ್ನಿ. ಪಕ್ಕದ ಕೋಣೆಯಲ್ಲಿ ಮಲಗಿಸಿದ್ದೀವಿ, ಶವಾಗಾರಕ್ಕೆ ಸಾಗಿಸೋಕೆ ಮುಂಚೆ ಅವರು ಒಂದು ಸಲ ನೋಡ್ಲಿ. ಮೈ ಇನ್ನೂ ಬೆಚ್ಚಗಿದೆ."

"ಆಯ್ತು" ಎಂದಳಂತೆ ಅಮ್ಮ.

ಕೆಳಗೆ ಬಂದು, ಗಂಟನ್ನು ದಪ್ಪಕ್ಕನ ಕೈಯಿಂದ ತೆಗೆದುಕೊಂಡು ತಾನೇ ಬಿಚ್ಚಿ ಹಂಡೆಗೆ ಹಾಕಿದಳು. ಸೋಪಿನ ಪುಡಿ ಸುರಿದಳು, ಕೋಲಿನಿಂದ ಅದುಮಿದಳು, ನೀರು ಕುದಿಯುವವರೆಗೆ ನಿಂತಿದ್ದಳು. ಆಮೇಲೆ ಕೈ ತೊಳೆದು, ಏಪ್ರನ್ ಬಿಚ್ಚಿ ಮಡಿಸಿಟ್ಟು, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ಹೊರಟಳು.

ಪಾರ್ಕಿನಲ್ಲಿ ಬಾಡಿಗೆ ಕುರ್ಚಿಗಳು ತುಂಬಿದ್ದವು. ಟೈಲರಮ್ಮ ಮುಂದಿನ ಸಾಲಿನಲ್ಲಿ, ತಾನೇ ಹೊಲಿದ ನೀಲಿ ಕೋಟು ತೊಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಎಲ್ಲರೂ ಫೋನ್ ಆರಿಸಬೇಕು ಎಂದು ಮೇಜರರು ಬಂದ ಕೂಡಲೇ ಮೈಕಿನಲ್ಲಿ ಹೇಳಿದ್ದರು. ಹೇಳಿದ ಮಾತು ಕೇಳಿದವಳು ಬಹುಶಃ ಅವಳೊಬ್ಬಳೇ. ನಾನು ಅವಳ ಒಂದು ಪಕ್ಕ ಕೂತು ಇನ್ನೊಂದು ಪಕ್ಕ ಅಮ್ಮನಿಗೆ ಜಾಗ ಹಿಡಿದಿದ್ದೆ.

ಅಮ್ಮ ಬಂದು ಕೂತಳು. ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು.

"ನೋಡ್ಕೊಂಡು ಬಂದ್ಯಾ ಅಕ್ಕ? ಹೇಗಿದ್ದಾನೆ?" ಟೈಲರಮ್ಮ ಕೇಳಿದಳು.

"ಮಲಗಿದ್ದಾನೆ" ಎಂದಳು ಅಮ್ಮ. ಅವಳ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

ಮೇಜರರ ಭಾಷಣ ಶುರುವಾಯಿತು. ಅದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ತ್ಯಾಗ ಎಂದರು, ರಕ್ತ ಎಂದರು, ತಾಯಂದಿರು ಎಂದರು. ಹಿತ್ತಾಳೆ ತಗಡು ಕಾಗದದಲ್ಲಿ ಸುತ್ತಿಕೊಂಡು ಅವರ ಕುರ್ಚಿಯ ಕೆಳಗೇ ಇತ್ತು, ಅದರ ಮೇಲೆ ಸುತ್ತಿಗೆ. ಟೈಲರಮ್ಮ ನಡುನಡುವೆ ಬಗ್ಗಿ ಅಮ್ಮನ ಕಿವಿಯಲ್ಲಿ ಏನೋ ಹೇಳುವಳು. ನನಗೂ ಅಷ್ಟಿಷ್ಟು ಕೇಳಿಸುತ್ತಿತ್ತು. ಗುಂಡನಿಗೆ ಚಕ್ರದ ಕುರ್ಚಿ ಬಂದ ಮೇಲೆ ಮೆಷಿನ್ನಿನ ಪಕ್ಕ ಜಾಗ ಮಾಡಬೇಕು, ಗುಂಡಿ ಹೊಲಿಯುವುದನ್ನು ಕಲಿಸಬೇಕು, ಅದಕ್ಕೆ ಕಾಲು ಬೇಡವಲ್ಲ ಎನ್ನುತ್ತಿದ್ದಳು. ಅಮ್ಮ ತಲೆಯಾಡಿಸುತ್ತಿದ್ದಳು. "ಹೌದು, ಬೇಡ" ಎಂದಳು ಒಮ್ಮೆ.

ಹೆಸರು ಕರೆದಾಗ ಟೈಲರಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಅಮ್ಮನೇ ಎದ್ದು ಅವಳ ಕೋಟಿನ ಕಾಲರು ಸರಿಮಾಡಿ, ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ಕಳಿಸಿದಳು. ಟೈಲರಮ್ಮ ಹಗ್ಗ ಎಳೆದಳು. ಪರದೆ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿತು. ಅವಳು ಕಸುಬಿನವಳು, ಬಟ್ಟೆ ಹರಿಯದ ಹಾಗೆ ನಾಜೂಕಾಗಿ ಬಿಡಿಸಿ ಮತ್ತೆ ಎಳೆದಳು. ಬಿತ್ತು. ಜನ ಚಪ್ಪಾಳೆ ತಟ್ಟಿದರು. ಮೇಜರರು ಎಡಗಡೆಯಿಂದ ಒಂದೊಂದೇ ಹೆಸರು ಓದಿದರು. ಬಲಗಡೆಗೆ ಬಂದರು. ಕೊನೆಯಲ್ಲಿ ಅಣ್ಣನ ಹೆಸರು ಮೈಕಿನಲ್ಲಿ ಕೇಳಿಸಿತು. ಯಾರೂ ನಗಲಿಲ್ಲ, ಯಾರೂ 'ಓಟಗಾರ' ಅನ್ನಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು. ನನಗೆ ಅಳು ಒತ್ತರಿಸಿ ಬಂತು. ಅಷ್ಟು ದಿನ ಆ ಕಲ್ಲನ್ನು ಬೈದುಕೊಂಡ ನಾನೇ ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ಅಳಲಿಲ್ಲ. ಹೋಗಿ ಆ ಹೆಸರಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು.

ಆಮೇಲೆ ತಿರುಗಿ ಟೈಲರಮ್ಮನ ಹತ್ತಿರ ಬಂದಳು. ಅವಳು ಬಿದ್ದ ಪರದೆಯನ್ನು ಮಣ್ಣಾಗದ ಹಾಗೆ ಎತ್ತಿ ಮಡಿಸುತ್ತಿದ್ದಳು.

"ಗುಂಡ ಹೋಗ್ಬಿಟ್ಟ" ಎಂದಳು ಅಮ್ಮ.

ಟೈಲರಮ್ಮ ನಕ್ಕಳು. ಅರ್ಥವಾಗಿರಲಿಲ್ಲ. "ಎಲ್ಲಿಗೆ?"

"ಬೆಳಗಿನ ಜಾವ. ಜ್ವರ ಬಂತಂತೆ. ನಿನಗೆ ಫೋನ್ ಮಾಡಿದ್ರಂತೆ."

ನಾನು ಅಮ್ಮನ ಮುಖ ನೋಡಿದೆ. ಅವಳು ಸುಳ್ಳು ಹೇಳಬಹುದಿತ್ತು. ಈಗ ತಾನೇ ಯಾರೋ ಬಂದು ಹೇಳಿದರು ಅಂದಿದ್ದರೆ ಜಗತ್ತಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು ಅಕ್ಕ?"

"ಇಲ್ಲಿಗೆ ಬರೋಕೆ ಮುಂಚೆ."

ಟೈಲರಮ್ಮ ಕಲ್ಲಿನ ಕಡೆ ನೋಡಿದಳು. ಬಲಗಡೆಯ ಕೊನೆಯ ಸಾಲನ್ನು ನೋಡಿದಳು. ಮೇಜರರ ಕುರ್ಚಿಯ ಕೆಳಗಿದ್ದ ಸುತ್ತಿಗೆಯನ್ನೂ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಅವಳು ಕಿರುಚಲಿಲ್ಲ, ಅಮ್ಮನ ಮೇಲೆ ಕೈ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು, ನಾನು ತಡೆಯುತ್ತಿರಲಿಲ್ಲ.

"ಕೇಳಿದ್ರೆ ಕೊಟ್ಬಿಡ್ತಿದ್ದೆನಲ್ಲ" ಎಂದಳು. "ಜಾಗ ನಂಗೆ ಬೇಡ ಅಂತ ಮೊದಲೇ ಅಂದಿದ್ದೆ. ಹಗ್ಗ ಎಳೆದು, ಮೇಜರಿಗೆ ಒಂದು ಮಾತು ಹೇಳಿ, ಹೋಗ್ತಿದ್ದೆ."

ಅಮ್ಮ ಮಣ್ಣಿಗೆ ತಾಗುತ್ತಿದ್ದ ಪರದೆಯ ತುದಿಯನ್ನು ಎತ್ತಿ ಹಿಡಿದಳು.

"ಸಾಯೋವಾಗ ಅವನ ಹತ್ತಿರ ಯಾರಾದ್ರೂ ಇದ್ರಾ? ಏನಾದ್ರೂ ಅಂದ್ನಾ? ನನ್ನ ಕೇಳಿದ್ನಾ?"

"ನಾನು ವಿಚಾರಿಸ್ಲಿಲ್ಲ" ಎಂದಳು ಅಮ್ಮ.

ಟೈಲರಮ್ಮನ ಕೈಯಿಂದ ಪರದೆ ಜಾರಿತು. ಅವಳು ಚೀಲದಿಂದ ಫೋನ್ ತೆಗೆದು ಹಚ್ಚಲು ಹೋದಳು. ಆಗಲಿಲ್ಲ, ನಾನು ತೆಗೆದುಕೊಂಡು ಹಚ್ಚಿಕೊಟ್ಟೆ. ಅಷ್ಟರಲ್ಲಿ ಮೇಜರರು ಫೋಟೋದವನನ್ನು ಕರೆದುಕೊಂಡು ಬಂದು, "ಇಬ್ಬರೂ ತಾಯಂದಿರು ಕಲ್ಲಿನ ಪಕ್ಕ ಬನ್ನಿ, ಒಂದು ಒಟ್ಟಿಗೆ ತೆಗೆಯೋಣ" ಎಂದರು. ನನ್ನ ಬಾಯಿಂದ ಏನು ಬಂತೋ, ಬಸ್ಸಿನಲ್ಲೂ ಎಂದೂ ಆಡದ ಮಾತು. ಫೋಟೋದವನು ಕ್ಯಾಮೆರಾ ಇಳಿಸಿದ.

ಟೈಲರಮ್ಮ ಆಗಲೇ ಗೇಟಿನ ಕಡೆ ನಡೆಯುತ್ತಿದ್ದಳು, ಓಡಲು ಹೋಗಿ ಕುರ್ಚಿಗಳಿಗೆ ಎಡವುತ್ತಾ. ನಾನು ಅವಳ ಹಿಂದೆ ಹೊರಟವಳು ನಿಂತು ಅಮ್ಮನ ತೋಳು ಹಿಡಿದು ಎಳೆದೆ. ಅಸಹ್ಯ, ಸಿಟ್ಟು, ದುಃಖ ಎಲ್ಲ ಸೇರಿ ನನ್ನ ಮಾತು ತೊದಲುತ್ತಿತ್ತು.

"ನಡಿ. ಅವಳ ಜೊತೆ ಬಾ. ಅಷ್ಟಾದ್ರೂ ಮಾಡು."

ಅಮ್ಮ ನನ್ನ ಕೈ ಬಿಡಿಸಿಕೊಂಡಳು. ಬಾಡಿಗೆ ಕುರ್ಚಿಯೊಂದನ್ನು ಎಳೆದು ತಂದು ಕಲ್ಲಿನ ಪಕ್ಕ ಹಾಕಿ ಕೂತಳು.

"ನೀನು ಹೋಗು" ಎಂದಳು. "ನಾನು ಸ್ವಲ್ಪ ಹೊತ್ತು ನನ್ನ ಮಗನ ಹತ್ತಿರ ಕೂತಿರ್ತೀನಿ."